ಸ್ಥಾವರ ಅಕ್ಕ, ಜಂಗಮ ಗಾಡಿ

"ಸ್ಕೂಟರ್ ನೋಡಬೇಕಿತ್ತು" ಅಂದೆ. ಛತ್ರಪತಿ ಸಂಭಾಜಿನಗರದ ಆ ಅಂಗಡಿಯ ಹುಡುಗ ಹುರುಪಿನಿಂದ ಎದ್ದು ಬಂದ. ಪೆಟ್ರೋಲಿನದೋ ಬ್ಯಾಟರಿಯದೋ ಎಂದು ಕೇಳಿದ. ಬ್ಯಾಟರಿಯದು ಎಂದೆ. ಓಡಿಸುವವರು ಯಾರು? ನಮ್ಮ ಅಕ್ಕ. ವಯಸ್ಸೆಷ್ಟು? ಎಪ್ಪತ್ತೊಂದು. ಹುಡುಗ ಒಮ್ಮೆ ನನ್ನ ಮುಖ ನೋಡಿದ, ಒಮ್ಮೆ ಪಕ್ಕದಲ್ಲಿದ್ದ ಸೋದರಳಿಯನ ಮುಖ ನೋಡಿದ. "ಹಂಗಲ್ಲಪ್ಪ, ಆಕೆಗೆ ನಡೆಯಲಿಕ್ಕೇ ಆಗೋದಿಲ್ಲ" ಎಂದು ಸಮಜಾಯಿಷಿ ಕೊಡಲು ಹೋಗಿ ವಿಷಯ ಇನ್ನಷ್ಟು ಕೆಡಿಸಿದೆ. ನಡೆಯಲಾಗದ ಅಕ್ಕನಿಗೆ ಗಂಟೆಗೆ ಎಂಬತ್ತು ಕಿಲೋಮೀಟರ್ ಓಡುವ ಗಾಡಿ ಕೊಡಿಸಲು ಬಂದ ತಮ್ಮ ಎಂದರೆ ಇದರ ಹಿಂದೆ ಆಸ್ತಿಯ ತಕರಾರು ಏನೋ ಇರಬೇಕು ಎಂಬಂತೆ ಅವನು ಎರಡು ಹೆಜ್ಜೆ ಹಿಂದೆ ಸರಿದ.

ನಾನು ಹುಡುಕುತ್ತಿದ್ದದ್ದು ಮೊಬಿಲಿಟಿ ಸ್ಕೂಟರ್. ಕುರ್ಚಿಗೆ ಗಾಲಿ ಹಚ್ಚಿ, ಮುಂದೊಂದು ಹ್ಯಾಂಡಲ್ ಕೊಟ್ಟು, ಕೆಳಗೆ ಬ್ಯಾಟರಿ ಇಟ್ಟಂಥ ಗಾಡಿ. ವಿದೇಶಕ್ಕೆ ಹೋಗಿ ಬಂದವರು ಮಾಲುಗಳಲ್ಲಿ, ಪಾರ್ಕುಗಳಲ್ಲಿ ವಯಸ್ಸಾದವರು ಇದರ ಮೇಲೆ ಕೂತು ಸೌತೆಕಾಯಿ ಕೊಳ್ಳುತ್ತಿರುವುದನ್ನು ನೋಡಿರುತ್ತಾರೆ. ನಮ್ಮಲ್ಲಿ ಇದಕ್ಕೊಂದು ಹೆಸರೇ ಇನ್ನೂ ಹುಟ್ಟಿಲ್ಲ. ಹೆಸರಿಲ್ಲದ ವಸ್ತುವನ್ನು ಅಂಗಡಿಯಲ್ಲಿ ಕೇಳುವುದು ಎಷ್ಟು ಕಷ್ಟ ಎಂಬುದು ಆ ಎರಡು ದಿನಗಳಲ್ಲಿ ಚೆನ್ನಾಗಿ ಅರ್ಥವಾಯಿತು.

ಅಕ್ಕ ಇರುವುದು ಸಿಲ್ಲೋಡಿನಲ್ಲಿ. ಸಂಭಾಜಿನಗರದಿಂದ ಜಳಗಾಂವದ ಹಾದಿ ಹಿಡಿದು 65 ಕಿಲೋಮೀಟರ್ ಆಸುಪಾಸು ಹೋದರೆ ಸಿಗುವ ತಾಲೂಕಿನ ಊರು. ಅದೇ ಹಾದಿಯಲ್ಲಿ ಇನ್ನೂ ಮುಂದೆ ಹೋದರೆ ಅಜಂತಾ. ಗವಿಗಳನ್ನು ನೋಡಲು ಹೋಗುವ ಪ್ರವಾಸಿಗಳು ಸಿಲ್ಲೋಡನ್ನು ಬಸ್ಸಿನ ಕಿಟಕಿಯಿಂದ ನೋಡಿರುತ್ತಾರೆ, ನೆನಪಿಟ್ಟುಕೊಂಡಿರುವುದಿಲ್ಲ. ಊರಿನವರಿಗೆ ಅದರ ಚಿಂತೆ ಇಲ್ಲ. ಅವರ ಲೆಕ್ಕವೆಲ್ಲ ಹತ್ತಿ, ಮೆಕ್ಕೆಜೋಳ, ಹಸಿ ಮೆಣಸಿನಕಾಯಿಯ ದರದಲ್ಲಿ ನಡೆಯುತ್ತದೆ. ಬೀದರಿನ ಹುಡುಗಿ ಅಷ್ಟು ದೂರ ಹೇಗೆ ಹೋದಳು ಎಂದರೆ, ದೂರ ಎನ್ನುವುದು ಈಗಿನ ಮಾತು. 1956ರ ನವೆಂಬರಿಗೆ ಮುಂಚೆ ಬೀದರೂ, ಈಗ ಸಂಭಾಜಿನಗರವಾಗಿರುವ ಔರಂಗಾಬಾದೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ರಾಜ್ಯದ ಗಡಿ ಎಳೆದವರು ನೆಂಟಸ್ತಿಕೆಗೆ ಗಡಿ ಎಳೆಯಲಿಲ್ಲ. ಲಿಂಗಾಯತ ಮನೆತನಗಳಲ್ಲಿ ಲಾತೂರು, ಉದಗೀರ, ಬೀದರ, ಕಲಬುರಗಿ ಎಂದು ಕೊಟ್ಟು ತರುವ ಸಂಬಂಧ ಆಮೇಲೂ ನಡೆದೇ ಇತ್ತು. ಅಕ್ಕನ ಮದುವೆಯಾದದ್ದು 1973ರಲ್ಲಿ, ಮರಾಠವಾಡದವರು ಇವತ್ತಿಗೂ ‘ಬಹಾತ್ತರ್‌ಚಾ ದುಷ್ಕಾಳ’ ಎಂದು ಕರೆಯುವ ಆ 72ರ ಬರದ ಬೆನ್ನಿಗೇ. ಹೊಸ ಸೊಸೆಯ ಮೊದಲ ಕೆಲಸ ತಲೆಯ ಮೇಲೊಂದು ಸೊಂಟದಲ್ಲೊಂದು ಕೊಡ ಹೊತ್ತು ಊರಾಚೆಯ ಬಾವಿಗೆ ಹೋಗುವುದು. ಆಗ ನಡೆದದ್ದಕ್ಕೆಲ್ಲ ಮಂಡಿ ಈಗ ಬಡ್ಡಿ ಸಮೇತ ಲೆಕ್ಕ ಕೇಳುತ್ತಿದೆ.

ಸಿಲ್ಲೋಡಿನ ಪಕ್ಕದ ತಾಲೂಕಿನ ಹೆಸರು ಕನ್ನಡ. ತಮಾಷೆಯಲ್ಲ, ಊರಿನ ಹೆಸರೇ ಕನ್ನಡ. ಧುಳೆಯ ಹಾದಿಯಲ್ಲಿ, ಔಟ್ರಮ್ ಘಾಟಿನ ತಲೆಯ ಮೇಲೆ ಇದೆ. ಪಿತಳಖೋರಾ ಗವಿಗಳು ಆ ತಾಲೂಕಿನವೇ. ಮದುವೆಯಾದ ಹೊಸದರಲ್ಲಿ ಅಕ್ಕ ಅಪ್ಪನಿಗೆ ಬರೆದ ಕಾಗದದಲ್ಲಿ "ಇವರು ನಿನ್ನೆ ಕನ್ನಡಕ್ಕೆ ಹೋಗಿದ್ದರು, ಇವತ್ತು ಮರಳಿ ಬಂದರು" ಎಂದಿತ್ತು. ಅಳಿಯ ಕನ್ನಡ ಕಲಿಯತೊಡಗಿ ಒಂದೇ ದಿನಕ್ಕೆ ಬಿಟ್ಟುಬಿಟ್ಟ ಎಂದು ಅಪ್ಪ ಬಹಳ ದಿನ ನೊಂದುಕೊಂಡಿದ್ದರು. ಕವಿರಾಜಮಾರ್ಗ ಕನ್ನಡ ನಾಡಿನ ಎಲ್ಲೆಯನ್ನು ಗೋದಾವರಿಗೆ ತಂದು ನಿಲ್ಲಿಸುತ್ತದೆ. ಗೋದಾವರಿ ಪೈಠಣದಲ್ಲಿ ಹರಿಯುತ್ತದೆ. ಕನ್ನಡ ಎಂಬ ಊರು ಅದಕ್ಕೂ ಉತ್ತರಕ್ಕಿದೆ. ಇದರ ಬಗ್ಗೆ ವಾದ ಮಾಡಲು ನನಗೆ ಬಹಳ ಇಷ್ಟ. ಆದರೆ ನಾನು ಹೋಗಿದ್ದದ್ದು ಸ್ಕೂಟರಿಗೆ.

ಅಕ್ಕನ ಮಂಡಿ ಕೈಕೊಟ್ಟು ಆರು ವರ್ಷವಾಯಿತು. ಮೊದಲು ಬಾಜಾರು ನಿಂತಿತು, ಆಮೇಲೆ ಗುಡಿ, ಆಮೇಲೆ ಎರಡು ಗಲ್ಲಿ ಆಚೆಗಿನ ಗೆಳತಿಯ ಮನೆ. ಕೊನೆಗೆ ಉಳಿದದ್ದು ಮಂಚ, ಮಂಚದ ಪಕ್ಕದ ಫೋನು. ನಾನು ಬೀದರಿನಿಂದ ಫೋನು ಮಾಡಿದರೆ ಮೊದಲ ರಿಂಗು ಮುಗಿಯುವ ಮೊದಲೇ ಎತ್ತುತ್ತಿದ್ದಳು. ಮಂಡಿ ಬದಲಿಸುವ ಮಾತೂ ಬಂತು. 2017ರ ಆಗಸ್ಟಿನಲ್ಲಿ ಸರ್ಕಾರ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿತಲ್ಲ, ಸಾಮಾನ್ಯವಾಗಿ ಹಾಕುವ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ 54,720 ರೂಪಾಯಿ ಎಂದು, ಆಗ ಅಳಿಯ, ಅಂದರೆ ಅಕ್ಕನ ಮಗ, ಆ ಸುದ್ದಿಯ ತುಂಡನ್ನು ಕತ್ತರಿಸಿ ಇಟ್ಟಿದ್ದ. ಅದನ್ನು ತೋರಿಸಿದರೆ ಅಕ್ಕ ಕೈ ಮುಗಿದಳು. "ಹಳೇದs ಇರ್ಲಿ. ಐವತ್ತು ವರ್ಷ ನನ್ನ ಹೊತ್ತದ, ಈಗ ಹೊರಗ ಹಾಕಿದ್ರ ಪಾಪ ಬರ್ತದ." ಹೃದಯದ ಡಾಕ್ಟರೂ ಆಕೆಯ ಪಕ್ಷವೇ ವಹಿಸಿದ್ದರಿಂದ ಆ ಮಾತು ಅಲ್ಲಿಗೆ ನಿಂತಿತು.

ಹೋದ ಸಲ ನಾನು ಹೋದಾಗ ಅಕ್ಕ ಮಂಚದ ಮೇಲೆ ಕೂತು ಮೆಂತ್ಯ ಸೋಸುತ್ತ ಅಂದಳು: "ಏ ತಮ್ಮಾ, ನಾ ಸ್ಥಾವರ ಆಗೀನಿ ನೋಡು. ಬಸವಣ್ಣನ ಊರ ಕಡಿಂದ ಬಂದಾಕಿ, ನಂಗ ಜಂಗಮ ಮಾಡೋ ಹಂಗ ಏನಾರ ಮಾಡ್ರಿ." ಎಲ್ಲರೂ ನಕ್ಕೆವು. ರಾತ್ರಿ ಮಲಗಿದಾಗ ನಗು ನೆನಪಾಗಿ ನಿದ್ದೆ ಬರಲಿಲ್ಲ.

ಮರುದಿನ ಪಂಚಾಯಿತಿ ಕೂತಿತು. ಮಾಮಾ, ಅಂದರೆ ಅಕ್ಕನ ಗಂಡ, ಎಪ್ಪತ್ತೇಳರವರು. ಅವರಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಮಾತಾಡುವಾಗ ಮಾತ್ರ ನಡುದಾರಿಯಲ್ಲಿ ಮರಾಠಿಗೆ ಬಸ್ಸು ಬದಲಿಸುತ್ತಾರೆ. "ಕಶಾಲಾ ಪಾಹಿಜೆ, ಯಾಕ ಬೇಕು? ಲಾಲ್‌ಪರಿ ಅದ ಅಲ್ಲಾ" ಎಂದರು. ಲಾಲ್‌ಪರಿ ಎಂದರೆ ಎಸ್‌ಟಿ, ಮಹಾರಾಷ್ಟ್ರದ ಸರ್ಕಾರಿ ಬಸ್ಸು. 2022ರ ಆಗಸ್ಟಿನಿಂದ ಮಹಾರಾಷ್ಟ್ರದಲ್ಲಿ 75 ದಾಟಿದವರಿಗೆ ಎಸ್‌ಟಿ ಪುಕ್ಕಟೆ. ತಮಗೆ ಅದು ಸಿಕ್ಕಂದಿನಿಂದ ಮಾಮಾ ಜಳಗಾಂವಕ್ಕೆ ಹೋಗಿ ಬಾಳೆಹಣ್ಣು ತರುತ್ತಾರೆ, ಸಂಭಾಜಿನಗರಕ್ಕೆ ಹೋಗಿ ಚಹಾ ಕುಡಿದು ಬರುತ್ತಾರೆ. ಅಕ್ಕನಿಗೂ ಟಿಕೇಟಿನಲ್ಲಿ ಅರ್ಧ ಮಾಫಿ ಇದೆ. ಆದರೆ ಬಸ್ಸಿನ ಮೊದಲನೆಯ ಮೆಟ್ಟಿಲು ಆಕೆಯ ಮಂಡಿಗಿಂತ ಎತ್ತರದಲ್ಲಿದೆ, ಅದಕ್ಕೆ ಯಾವ ಮಾಫಿಯೂ ಇಲ್ಲ.

ಸರ್ಕಾರದ ಯೋಜನೆಗಳನ್ನೂ ಒಂದೊಂದಾಗಿ ತಿರುವಿ ಹಾಕಿದೆವು. ಅಂಗವಿಕಲರಿಗೆ ಸಲಕರಣೆ ಕೊಡುವ ಎಡಿಐಪಿ ಯೋಜನೆಯಲ್ಲಿ ಕಾನ್ಪುರದ ಅಲಿಮ್ಕೋ ಸಂಸ್ಥೆ ಬ್ಯಾಟರಿಯ ಮೂರು ಗಾಲಿ ಸೈಕಲ್ ಮಾಡಿ ಶಿಬಿರಗಳಲ್ಲಿ ಹಂಚುತ್ತದೆ. ಅದಕ್ಕೆ ಶೇ. 80ರಷ್ಟು ಅಂಗವೈಕಲ್ಯದ ಪ್ರಮಾಣಪತ್ರ ಬೇಕು. ಅಕ್ಕನದು ವೈಕಲ್ಯವಲ್ಲ, ಸವೆತ. ಮಹಾರಾಷ್ಟ್ರದಲ್ಲಿ 2024ರಿಂದ ಮುಖ್ಯಮಂತ್ರಿ ವಯೋಶ್ರೀ ಎಂಬ ಯೋಜನೆ ಇದೆ. 65 ದಾಟಿದವರಿಗೆ ಸಲಕರಣೆ ಕೊಳ್ಳಲು ಒಂದು ಸಲಕ್ಕೆ 3,000 ರೂಪಾಯಿ. ಊರುಗೋಲಿಗೆ, ವಾಕರಿಗೆ ಬಂದೀತು. ನಾವು ನೋಡುತ್ತಿದ್ದ ಗಾಡಿಗಳು ಲಕ್ಷದ ಆಚೀಚೆ ಇದ್ದವು. "ಮೂರು ಸಾವಿರಕ್ಕ ಅದರ ಹಾರ್ನ್ ಬರ್ತದೇನೋ" ಎಂದಳು ಅಕ್ಕ.

ಅಳಿಯ ಇಂಜಿನಿಯರು. ಅವನು ಫೋನಿನಲ್ಲಿ ಮುಳುಗಿ ಬ್ಯಾಟರಿಯ ಪಾತಾಳಕ್ಕೆ ಇಳಿದ. ಈ ಗಾಡಿಗಳಲ್ಲಿ ಸಾಮಾನ್ಯವಾಗಿ 12 ವೋಲ್ಟಿನ ಎರಡು ಬ್ಯಾಟರಿ ಸೇರಿಸಿ 24 ವೋಲ್ಟ್ ಮಾಡಿರುತ್ತಾರೆ. ಸೀಸದ ಬ್ಯಾಟರಿ ಅಗ್ಗ, ಭಾರ. ಲಿಥಿಯಂ ಹಗುರ, ದುಬಾರಿ. 20 ಆಂಪಿಯರ್ ಅವರ್ ಇದ್ದರೆ ಒಮ್ಮೆ ತುಂಬಿಸಲು ಸುಮಾರು ಅರ್ಧ ಯೂನಿಟ್ ವಿದ್ಯುತ್ ಸಾಕು, ಹೊಟೇಲಿನ ಒಂದು ಕಪ್ ಚಹಾದ ಖರ್ಚು. ಸೀಸದ ಬ್ಯಾಟರಿಗೆ ಎರಡು ವೈರಿಗಳು: ಬರಿದಾಗಿ ಬಿಡುವುದು ಒಂದು, ಸೆಕೆ ಇನ್ನೊಂದು. ಪೂರ್ತಿ ಖಾಲಿ ಮಾಡಿ ಮೂಲೆಗಿಟ್ಟರೆ ಒಳಗಿನ ಫಲಕಗಳ ಮೇಲೆ ಸೀಸದ ಸಲ್ಫೇಟಿನ ಹರಳು ಕಟ್ಟಿ ಸತ್ತೇ ಹೋಗುತ್ತದೆ. ಮರಾಠವಾಡದ ಮೇ ತಿಂಗಳಲ್ಲಿ ತಗಡಿನ ಕೆಳಗೆ ನಿಲ್ಲಿಸಿದರೆ ಅದೂ ಬೇಡ. ದಿನಾ ಎಷ್ಟು ಓಡಿದರೂ ರಾತ್ರಿ ಚಾರ್ಜಿಗೆ ಹಾಕಿ, ನೆರಳಿನಲ್ಲಿ ಇಡಬೇಕು. ಎಮ್ಮೆ ಸಾಕಿದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

"ಇದು ಒಂದು ಚಾರ್ಜಿಗೆ 15 ಕಿಲೋಮೀಟರ್, ಇದು 25, ಇದು 40" ಎಂದು ಅಳಿಯ ಪಟ್ಟಿ ಓದಿದ. 25 ಎಂದರೆ ಗೋಳೇಗಾಂವ್ ದಾಟಿ ಅಜಂತಾದ ಹಾದಿಯಲ್ಲಿ ಎಲ್ಲೋ ನಿಲ್ಲುತ್ತದೆ ಎಂದು ನಾನು ಲೆಕ್ಕ ಹಾಕಿದೆ. ಅಕ್ಕ ಐವತ್ತೆರಡು ವರ್ಷ ಅಜಂತಾದ ನೆರೆಯಲ್ಲೇ ಇದ್ದಾಳೆ, ಗವಿಗಳನ್ನು ಒಮ್ಮೆಯೂ ನೋಡಿಲ್ಲ. 1819ರಲ್ಲಿ ಹುಲಿ ಬೇಟೆಗೆ ಬಂದ ಜಾನ್ ಸ್ಮಿತ್ ಎಂಬ ಆಂಗ್ಲ ಅಧಿಕಾರಿ ಒಂದೇ ದಿನಕ್ಕೆ ನೋಡಿ ಗೋಡೆಯ ಮೇಲೆ ಹೆಸರು ಕೆತ್ತಿ ಹೋದ. ಈಗಲೂ ಕಾಲಿಲ್ಲದವರು ಅಲ್ಲಿಗೆ ಹೋಗಬೇಕೆಂದರೆ ಡೋಲಿಯೇ ಗತಿ. ಫರ್ದಾಪುರದ ತಿರುವಿನಿಂದ ನಾಲ್ಕು ಕಿಲೋಮೀಟರ್ ಬಸ್ಸು, ಆಮೇಲೆ ಮೆಟ್ಟಿಲು. ನಾಲ್ವರು ಕುರ್ಚಿ ಹೊತ್ತು ಏರುತ್ತಾರೆ. ಅಕ್ಕನನ್ನು ಕೇಳಿದರೆ "ನಾಲ್ಕು ಮಂದಿ ಹೊರೋದು ಒಂದು ಸಲ ಇದ್ದೇ ಅದ, ಈಗs ಯಾಕ?" ಎನ್ನುತ್ತಾಳೆ. ಇದರ ಮೇಲೆ ಮಾತಿಲ್ಲ.

ಅಳಿಯ ಮದರಾಸಿನ ಐಐಟಿಯಲ್ಲಿ ಬೆಳೆದು ಬಂದ ನಿಯೋಬೋಲ್ಟ್ ಎಂಬುದನ್ನೂ ತೋರಿಸಿದ. ಗಾಲಿಕುರ್ಚಿಯ ಮುಂದೆ ಒಂದು ಮೋಟಾರು ಗಾಲಿಯನ್ನು ಕೊಂಡಿ ಹಾಕಿ ಜೋಡಿಸಿದರೆ ಕುರ್ಚಿಯೇ ಗಾಡಿಯಾಗುತ್ತದೆ, ಗಂಟೆಗೆ 25 ಕಿಲೋಮೀಟರ್ ಓಡುತ್ತದೆ. ಒಳ್ಳೆಯ ಬುದ್ಧಿವಂತಿಕೆ, ಅನುಮಾನವಿಲ್ಲ. ದಿನವಿಡೀ ಗಾಲಿಕುರ್ಚಿಯಲ್ಲೇ ಇರುವ, ತೋಳಿನಲ್ಲಿ ಶಕ್ತಿ ಇರುವ ದುಡಿಯುವ ಹುಡುಗರಿಗೆ ಅದು ಹೇಳಿ ಮಾಡಿಸಿದಂತಿದೆ. ಅಕ್ಕ ಮಾತ್ರ ಮನೆಯೊಳಗೆ ಗೋಡೆ ಹಿಡಿದು ಹತ್ತು ಹೆಜ್ಜೆ ಹಾಕುತ್ತಾಳೆ. ಆಕೆ ಗಾಲಿಕುರ್ಚಿಯವಳಲ್ಲ, ಹಾಗೆಂದು ಹೇಳಿದರೆ ಮೆಂತ್ಯದ ಕಟ್ಟು ನಮ್ಮ ಮೇಲೆ ಬರುತ್ತಿತ್ತು.

ಮೊಬಿಲಿಟಿ ಸ್ಕೂಟರಿನ ಗುಟ್ಟು ಇರುವುದು ಇಲ್ಲೇ ಎಂದು ನನಗೆ ಅನಿಸುತ್ತದೆ. ಇದು ಪೂರ್ತಿ ನಡೆಯಲಾಗದವರದಲ್ಲ, ಸ್ವಲ್ಪ ನಡೆಯಬಲ್ಲವರದು. 1655ರಲ್ಲಿ ಜರ್ಮನಿಯ ನ್ಯೂರೆಂಬರ್ಗಿನ ಹತ್ತಿರ ಸ್ಟೀಫನ್ ಫಾರ್ಫ್ಲರ್ ಎಂಬ ಗಡಿಯಾರ ಮಾಡುವ ಹುಡುಗ, ತನಗೆ ಕಾಲಿಲ್ಲದ್ದಕ್ಕೆ, ಕೈಯಿಂದ ತಿರುವಿ ಓಡಿಸುವ ಮೂರು ಗಾಲಿಯ ಕುರ್ಚಿ ಮಾಡಿಕೊಂಡಿದ್ದ. ಅದು ಗಾಲಿಕುರ್ಚಿಯ ವಂಶ. ಸ್ಕೂಟರಿನದು ಬೇರೆ ಮೂಲ. 1968ರಲ್ಲಿ ಅಮೆರಿಕದ ಮಿಷಿಗನ್ನಿನಲ್ಲಿ ಅಲ್ ಥೀಮ್ ಎಂಬ ನಲ್ಲಿ-ಪೈಪಿನ ಗುತ್ತಿಗೆದಾರ, ನರರೋಗದಿಂದ ನಡಿಗೆ ಕಳೆದುಕೊಳ್ಳುತ್ತಿದ್ದ ಮನೆಯವರೊಬ್ಬರಿಗಾಗಿ ತನ್ನ ಗ್ಯಾರೇಜಿನಲ್ಲಿ ಮೊದಲನೆಯದನ್ನು ಕಟ್ಟಿದ. ಅಮಿಗೋ ಎಂದು ಹೆಸರಿಟ್ಟ. ಸ್ಪ್ಯಾನಿಷಿನಲ್ಲಿ ಗೆಳೆಯ ಎಂದರ್ಥ. ಗಾಲಿಕುರ್ಚಿಯಂತೆ ಕಾಣಬಾರದು ಎನ್ನುವುದೇ ಅದರ ಅರ್ಧ ಉಪಯೋಗ. ಇಂಗ್ಲೆಂಡಿನಲ್ಲಿ ಕಾಲುದಾರಿಯ ಮೇಲೆ ಇದರ ವೇಗ ಗಂಟೆಗೆ 4 ಮೈಲಿ, ಅಂದರೆ ಆರೂವರೆ ಕಿಲೋಮೀಟರ್ ಹತ್ತಿರ. ರಸ್ತೆಗೆ ಇಳಿಯುವಂಥದ್ದಕ್ಕೆ 8 ಮೈಲಿ. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆ ಅಂಗವಿಕಲರಿಗೆಂದೇ ಕಟ್ಟಿದ ವಾಹನಕ್ಕೆ ಒಂದು ವ್ಯಾಖ್ಯೆ ಕೊಟ್ಟು ಸುಮ್ಮನಾಗಿದೆ. ಕೇಂದ್ರದ ನಿಯಮಗಳಲ್ಲಿ 250 ವ್ಯಾಟಿಗಿಂತ ಕಡಿಮೆ ಮೋಟಾರು, 25 ಕಿಲೋಮೀಟರಿಗಿಂತ ಕಡಿಮೆ ವೇಗ, ಹಗುರ ಮೈ ಇರುವ ಬ್ಯಾಟರಿ ಗಾಡಿಗೆ ನೋಂದಣಿ, ಲೈಸೆನ್ಸಿನ ಕಾಟವಿಲ್ಲ. ಸಿಲ್ಲೋಡಿನ ಗಲ್ಲಿಯಲ್ಲಿ ಆರು ಕಿಲೋಮೀಟರ್ ವೇಗ ಎಂದರೆ ಸಂಜೆ ಮನೆಗೆ ಹೊರಟ ಎಮ್ಮೆ ಹಿಂದೆ ಹಾಕಿ ಹೋಗುತ್ತದೆ. ಪೊಲೀಸರು ಹಿಡಿಯುವ ಪ್ರಶ್ನೆ ಹುಟ್ಟುವುದಿಲ್ಲ.

ಇನ್ನು ಗಾಲಿಯ ವ್ಯಾಜ್ಯ. ಮೂರೋ ನಾಲ್ಕೋ? ಮೂರು ಗಾಲಿಯದು ಮೂರಡಿ ಆಸುಪಾಸಿನಲ್ಲಿ ಗಿರಕ್ಕನೆ ತಿರುಗುತ್ತದೆ, ಅಡುಗೆಮನೆಗೂ ಹೋದೀತು. ಆದರೆ ಇಳಿಜಾರಿನಲ್ಲಿ ಓರೆಯಾಗಿ ತಿರುವಿದರೆ ಮಗುಚುತ್ತದೆ. ಇನ್ನೊಂದು ತೊಂದರೆ ನಮ್ಮ ರಸ್ತೆಗಳದೇ: ಹಿಂದಿನ ಎರಡು ಗಾಲಿ ಗುಂಡಿಯ ಎರಡೂ ಬದಿಯಲ್ಲಿ ಸುರಕ್ಷಿತವಾಗಿ ಹೋಗುವಾಗ ಮುಂದಿನ ಒಂಟಿ ಗಾಲಿ ನೇರ ಗುಂಡಿಯ ಗರ್ಭಕ್ಕೆ ಇಳಿಯುತ್ತದೆ. ನಾಲ್ಕು ಗಾಲಿಯದು ಗಟ್ಟಿ, ಆದರೆ ತಿರುಗಲು ನಾಲ್ಕೈದಡಿ ಬೇಕು. ಗಾಡಿಯ ಹೊಟ್ಟೆಗೂ ನೆಲಕ್ಕೂ ನಡುವಿನ ಅಂತರವನ್ನೂ ನೋಡಬೇಕು. ಮಡಚಿ ಕಾರಿನ ಡಿಕ್ಕಿಯಲ್ಲಿ ಇಡುವಂಥ ಚಂದದ ಸಣ್ಣ ಗಾಡಿಗಳಲ್ಲಿ ಅದು ಎರಡೇ ಬೆರಳು. ನಮ್ಮ ಗಲ್ಲಿಯ ಗತಿರೋಧಕದ ಮೇಲೆ ಅದು ಆಮೆಯ ಹಾಗೆ ಹೊಟ್ಟೆ ಊರಿ, ನಾಲ್ಕು ಗಾಲಿ ಗಾಳಿಯಲ್ಲಿ ತಿರುವುತ್ತ ಕೂತುಬಿಡುತ್ತದೆ. ಗಾಳಿ ತುಂಬುವ ಟೈರು ಮೆತ್ತಗೆ ಹೋಗುತ್ತದೆ, ಪಂಕ್ಚರ್ ಆಗುತ್ತದೆ. ಗಟ್ಟಿ ರಬ್ಬರಿನದು ಪಂಕ್ಚರ್ ಆಗುವುದಿಲ್ಲ, ಸೊಂಟ ಆಗುತ್ತದೆ.

ಇಷ್ಟೆಲ್ಲ ಪಟ್ಟಿ ಮಾಡಿ ಆಯಿತು. ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅಕ್ಕನ ಸೊಸೆ ಮೆಲ್ಲಗೆ ಅಂದಳು: "ಸಾಸೂಬಾಯಿ, ನಿಮಗ ಎಲ್ಲೆಲ್ಲಿ ಹೋಗಬೇಕು ಅಂತ ಅದ?"

ಮೂವರು ಗಂಡಸರು ಮುಖ ಮುಖ ನೋಡಿಕೊಂಡೆವು.

ಅಕ್ಕ ಬೆರಳು ಮಡಚಿದಳು. ಗೆಳತಿಯ ಮನೆ. ಆಕೆಗೂ ಮಂಡಿ ಇಲ್ಲ. ಎರಡು ಗಲ್ಲಿಯ ಅಂತರ, ಎರಡು ವರ್ಷದಿಂದ ಇಬ್ಬರೂ ಫೋನಿನಲ್ಲೇ ಭೇಟಿ. ಮಹಾದೇವನ ಗುಡಿ. ಹಿಟ್ಟಿನ ಗಿರಣಿ, ಯಾಕೆಂದರೆ ಗಿರಣಿಯವನು ಹೆಚ್ಚು ನುಣ್ಣಗೆ ಬೀಸುತ್ತಾನೆ, ನಿಂತು ಹೇಳಬೇಕು. ಮತ್ತೆ ಬಾಜಾರು. "ಬಾಜಾರ ಯಾಕ, ನಾ ಆಣತೋ ನಾ" ಎಂದರು ಮಾಮಾ, ನಾನು ತರುತ್ತೇನಲ್ಲ ಎಂದು. ಅಕ್ಕ ಉತ್ತರ ಕೊಡಲಿಲ್ಲ. ಅಳಿಯ ಹೊರಗೆ ಹೋಗಿ ಮೋಟಾರ್ ಸೈಕಲ್ ಮೇಲೆ ನಾಲ್ಕೂ ಕಡೆ ಸುತ್ತಿ ಬಂದ. ಎಲ್ಲಕ್ಕಿಂತ ದೂರದ್ದು ಬಾಜಾರು, 900 ಮೀಟರ್. ದಿನಕ್ಕೆ ನಾಲ್ಕೂ ಕಡೆ ಹೋಗಿ ಬಂದರೂ ನಾಲ್ಕು ಕಿಲೋಮೀಟರ್ ಆಗುವುದಿಲ್ಲ. 15, 25, 40 ಎಂದು ಎರಡು ದಿನ ಜಗಳಾಡಿದ್ದೆಲ್ಲ ನೀರಿನಲ್ಲಿ ಹೋಯಿತು.

ಹಾಗಾದರೆ ಅಳೆಯಬೇಕಾದದ್ದು ಏನು? ಸೊಸೆಯೇ ಹೊಲಿಗೆ ಮಷೀನಿನ ಡ್ರಾವರಿನಿಂದ ಟೇಪು ತಂದುಕೊಟ್ಟಳು. ಹಳೆಯ ಜೋಡಿ ಕದದ ಬಾಗಿಲು: ಅಗಲ 32 ಇಂಚು. ಅಡ್ಡಿಯಿಲ್ಲ. ಹೊರಗಿನ ಮೆಟ್ಟಿಲು: 6 ಇಂಚು. ಅದರ ಮೇಲೆ ಸಾಗವಾನಿ ಹೊಸ್ತಿಲು: 2 ಇಂಚು. ಒಟ್ಟು 8.

ನಲವತ್ತು ಕಿಲೋಮೀಟರ್ ಓಡುವ ಗಾಡಿಯೂ ಎಂಟು ಇಂಚಿನ ಮುಂದೆ ಕೈ ಕಟ್ಟಿ ನಿಲ್ಲುತ್ತದೆ. ಹೊಸ್ತಿಲು ಕೊಯ್ದುಬಿಡೋಣ ಎಂದು ಅಳಿಯ ಅಂದದ್ದೇ ತಡ, ಅಕ್ಕ ಎದ್ದೇ ನಿಂತಳು. ಆರು ವರ್ಷದಲ್ಲಿ ಆಕೆ ಯಾರ ಸಹಾಯವೂ ಇಲ್ಲದೆ ಎದ್ದು ನಿಂತದ್ದನ್ನು ನಾನು ಅವತ್ತೇ ನೋಡಿದ್ದು. "ಹೊಸ್ತಿಲಕ್ಕ ಕೈ ಹಚ್ಚಿದ್ರ ನೋಡು." ದಿನಾ ಬೆಳಿಗ್ಗೆ ಸೊಸೆ ಅದಕ್ಕೆ ಅರಿಶಿನ ಕುಂಕುಮ ಹಚ್ಚುತ್ತಾಳೆ. ಹೊಸ್ತಿಲ ಮೇಲೆ ಕೂಡಬಾರದು, ನಿಂತು ಸೀನಬಾರದು, ಕೈಯಿಂದ ಕೈಗೆ ಏನೂ ಕೊಡಬಾರದು. ನರಸಿಂಹ ಒಂದು ಸಲ ಕೂತ, ಅವನ ಕಾರಣ ಬೇರೆ. ನಮ್ಮ ಮನೆ ಕಟ್ಟಿದವರು ಲಕ್ಷ್ಮಿ ಒಳಗೆ ಬರಲಿ, ಮಳೆನೀರು, ಹಾವು, ಚೇಳು ಹೊರಗಿರಲಿ ಎಂದು ಹೊಸ್ತಿಲು ಇಟ್ಟರು. ಮನೆಯ ಲಕ್ಷ್ಮಿಯೇ ಒಂದು ದಿನ ಒಳಗೆ ಸಿಕ್ಕಿಹಾಕಿಕೊಂಡಾಳು ಎಂಬುದನ್ನು ಯಾವ ವಾಸ್ತುವಿನವನೂ ಯೋಚಿಸಿಲ್ಲ.

ಇಳಿಜಾರು ಕಟ್ಟಬೇಕು ಎಂದಾಯಿತು. ಅದಕ್ಕೊಂದು ಲೆಕ್ಕವಿದೆ: ಒಂದು ಇಂಚು ಎತ್ತರಕ್ಕೆ ಹನ್ನೆರಡು ಇಂಚು ಉದ್ದ. ಎಂಟು ಇಂಚಿಗೆ ಎಂಟು ಅಡಿ. ಗಲ್ಲಿಯ ಅಗಲವೇ ಹತ್ತು ಅಡಿ. ನೇರ ಕಟ್ಟಿದರೆ ಅಕ್ಕ ಮನೆಯಿಂದ ಇಳಿದು ಸೀದಾ ಎದುರು ಮನೆಯ ದೇವರಕೋಣೆಗೆ ಹೋಗುತ್ತಾಳೆ. ಗೌಂಡಿಯನ್ನು ಕರೆಸಿದೆವು. ಅವನು ಬೀಡಿ ಹಚ್ಚಿ, ಒಂದು ಕಣ್ಣು ಮುಚ್ಚಿ ನೋಡಿ, ಗೋಡೆಯ ಗುಂಟ ಬದಿಗೆ ಇಳಿಸೋಣ ಎಂದ. ಬಾಗಿಲ ಮುಂದೆ ಗಾಡಿ ತಿರುಗಲು ಐದಡಿಯ ಕಟ್ಟೆ, ಅಲ್ಲಿಂದ ಇಳಿಜಾರು, ಒಳಗಡೆ ಹೊಸ್ತಿಲಿಗೆ ಒತ್ತಿ ಒಂದು ಕಟ್ಟಿಗೆಯ ಓರೆ ಹಲಗೆ. ಹೊಸ್ತಿಲು ಹೊಸ್ತಿಲಾಗಿಯೇ ಇರುತ್ತದೆ. ಮೇಲೆ ಶಹಾಬಾದಿ ಫರಸಿ ಹಾಸುತ್ತೇನೆ, ಚಂದ ಕಾಣುತ್ತದೆ ಎಂದ. ಶಹಾಬಾದ ಎಂದಕೂಡಲೇ ಅಕ್ಕನ ಮುಖ ಅರಳಿತು. "ನಮ್ಮ ಕಲಬುರಗಿ ಕಡೀ ಕಲ್ಲು!" ಮಹಾರಾಷ್ಟ್ರದ ಅರ್ಧ ಅಂಗಳಗಳು ನಮ್ಮ ಶಹಾಬಾದಿನ ಕಲ್ಲಿನ ಮೇಲೆ ನಿಂತಿವೆ ಎಂಬುದು ಗಡಿ ವಾದದಲ್ಲಿ ನಾನು ಯಾವಾಗಲೂ ಎಸೆಯುವ ಕೊನೆಯ ಬಾಣ. ಆದರೆ ಆವತ್ತು ನಾನೇ ಬೇಡ ಎನ್ನಬೇಕಾಯಿತು. ಮಳೆಗೆ ನೆನೆದ ಫರಸಿ ಬೆಣ್ಣೆಯಷ್ಟು ಜಾರುತ್ತದೆ. ಸಿಮೆಂಟೇ ಹಾಕಿ, ಹಸಿ ಇರುವಾಗ ಕಸಬರಿಗೆಯಿಂದ ಅಡ್ಡ ಗೀರಿಸಿದೆವು. ಕಟ್ಟೆಯ ಅಂಚಿಗೆ ಮಾತ್ರ, ಅಕ್ಕನ ಸಮಾಧಾನಕ್ಕೆ, ಎರಡು ಶಹಾಬಾದಿ ಕಲ್ಲು.

ಈಗ ಗಾಡಿ. 2010ರಲ್ಲಿ ಈ ಔರಂಗಾಬಾದಿನ ಜನ ಒಟ್ಟಾಗಿ ಒಂದೇ ವ್ಯವಹಾರದಲ್ಲಿ 150 ಮರ್ಸಿಡಿಸ್ ಕಾರು ಕೊಂಡು ದೇಶವನ್ನೆಲ್ಲ ಬೆರಗುಗೊಳಿಸಿದ್ದರು. ವಾಳೂಜಿನಲ್ಲಿ ಬಜಾಜಿನ ಕಾರ್ಖಾನೆ ಎಂಬತ್ತರ ದಶಕದಿಂದ ಗಾಡಿ ಉರುಳಿಸುತ್ತಿದೆ. ಅಂಥ ಊರಿನಲ್ಲಿ ಕೂತು ನೋಡಲು ಒಂದೇ ಒಂದು ಮೊಬಿಲಿಟಿ ಸ್ಕೂಟರ್ ನಮ್ಮ ಕಣ್ಣಿಗೆ ಬೀಳಲಿಲ್ಲ. ಸರ್ಜಿಕಲ್ ಅಂಗಡಿಗಳಲ್ಲಿ ಕೇಳಿದರೆ ವಾಕರ್, ಕಮೋಡ್ ಕುರ್ಚಿ, ನೀರಿನ ಹಾಸಿಗೆ ತೋರಿಸಿ, "ಫೋಟೋ ನೋಡಿ ಹೇಳಿ, ತರಿಸಿಕೊಡೋಣ" ಎಂದರು. ಚಪ್ಪಲಿಯನ್ನೂ ಮೆಟ್ಟಿ ನೋಡಿ ಕೊಳ್ಳುವವರು ನಾವು. ಲಕ್ಷ ರೂಪಾಯಿಯ ಕುರ್ಚಿಯನ್ನು ಫೋಟೋದಲ್ಲಿ ಕೂತು ನೋಡುವುದು ಹೇಗೆ?

ಕೊನೆಗೆ ಮಾಮಾರ ಪರಿಚಯದವರೊಬ್ಬರ ಮೂಲಕ ಸುದ್ದಿ ಬಂತು. ಸಂಭಾಜಿನಗರದ ಒಂದು ಅಪಾರ್ಟ್‌ಮೆಂಟಿನ ತಳಮನೆಯಲ್ಲಿ, ಹಳೆಯ ಬೆಡ್‌ಶೀಟಿನ ಕೆಳಗೆ, ಒಂದು ನಾಲ್ಕು ಗಾಲಿಯದು ಇದೆ. ವಿದೇಶದ ಮಗ ತಾಯಿಗೆಂದು ತರಿಸಿದ್ದು. ತಾಯಿ ಒಂದು ವರ್ಷ ಓಡಿಸಿದರು, ಹೋಗಿ ಎರಡು ವರ್ಷವಾಯಿತು. ಬ್ಯಾಟರಿ ಎರಡೂ ಸತ್ತಿದ್ದವು. ಈ ಗಾಡಿಗಳ ಕತೆಯೇ ಹೀಗಿರಬೇಕು. ಕೊಳ್ಳುವಾಗ ಮನೆಮಂದಿಯೆಲ್ಲ ಸೇರುತ್ತಾರೆ, ಆಮೇಲೆ ಮಾರಲು ಮನಸ್ಸು ಬರುವುದಿಲ್ಲ, ನೋಡಲೂ ಮನಸ್ಸು ಬರುವುದಿಲ್ಲ, ಬೆಡ್‌ಶೀಟು ಹೊದಿಸುತ್ತಾರೆ. ಅಕ್ಕನನ್ನೂ ಕಾರಿನಲ್ಲಿ ಕರೆದುಕೊಂಡು ಹೋಗಿದ್ದೆವು. ಸತ್ತವರದು ಎಂದು ಹೇಳಲೋ ಬೇಡವೋ ಎಂದು ನಾನು ದಾರಿಯುದ್ದಕ್ಕೂ ಒದ್ದಾಡಿದೆ. ಫುಲಂಬ್ರಿ ದಾಟುವಾಗ ಹೇಳಿಯೇಬಿಟ್ಟೆ. ಅಕ್ಕ ಕಿಟಕಿಯಾಚೆ ನೋಡುತ್ತಲೇ ಅಂದಳು: "ಅವ್ವನ ಸೀರಿ ಉಟ್ಟೀನಿ, ಅತ್ತೀ ಪಾಟ್ಲಿ ಹಾಕೀನಿ. ಗಾಡ್ಯಾಗ ಕೂತ್ರ ಏನಾಗ್ತದ?"

ಮೊದಲು ನಾನೇ ಕೂತು ಪರೀಕ್ಷಿಸುತ್ತೇನೆ ಎಂದು ಹೊರಟದ್ದು ನನ್ನ ತಪ್ಪು. ಈ ಗಾಡಿಗಳಲ್ಲಿ ಕಾಲಿನ ಬ್ರೇಕು ಇರುವುದಿಲ್ಲ. ಹೆಬ್ಬೆರಳಿನಿಂದ ಒಂದು ಹಿಡಿ ಒತ್ತಿದರೆ ಮುಂದೆ, ಇನ್ನೊಂದು ಕಡೆ ಒತ್ತಿದರೆ ಹಿಂದೆ. ಬೆರಳು ಬಿಟ್ಟರೆ ವಿದ್ಯುತ್ತು ನಿಂತು ಮೋಟಾರಿನಲ್ಲಿರುವ ಬ್ರೇಕು ತಾನಾಗಿ ಕಚ್ಚಿಕೊಳ್ಳುತ್ತದೆ. ಗಾಬರಿಯಾದವರು ಕೈ ಬಿಡುತ್ತಾರೆ, ಗಾಡಿ ನಿಲ್ಲುತ್ತದೆ. ನಮ್ಮ ಗಾಬರಿಯನ್ನು ಅರ್ಥ ಮಾಡಿಕೊಂಡು ಮಾಡಿದ ಏರ್ಪಾಡು. ಆದರೆ ಹಿಂದುಗಡೆ ಇನ್ನೊಂದು ಸಣ್ಣ ಸನ್ನೆ ಇರುತ್ತದೆ. ಅದನ್ನು ಎಳೆದರೆ ಮೋಟಾರಿನ ಹಿಡಿತ ತಪ್ಪಿ, ಗಾಡಿಯನ್ನು ಕೈಯಿಂದ ತಳ್ಳಬಹುದು. ಆಗ ಬ್ರೇಕೂ ಇಲ್ಲ. ತಳಮನೆಯಿಂದ ತಳ್ಳಿಕೊಂಡು ಬಂದ ಅಳಿಯ ಸನ್ನೆಯನ್ನು ಮೊದಲಿನ ಜಾಗಕ್ಕೆ ತಂದಿರಲಿಲ್ಲ. ಕಾರು ಇಳಿಯುವ ಇಳಿಜಾರಿನ ಮೇಲೆ ನಾನು ಗಂಭೀರವಾಗಿ ಆಸೀನನಾದೆ. ಗಾಡಿ ಹೊರಟಿತು. ಬೆರಳು ಬಿಟ್ಟೆ, ನಿಲ್ಲಲಿಲ್ಲ. ಬೆರಳು ಒತ್ತಿದೆ, ನಿಲ್ಲಲಿಲ್ಲ. ಮೂವತ್ತೆಂಟು ವರ್ಷ ಶಾಲೆಯಲ್ಲಿ ಗುರುತ್ವಾಕರ್ಷಣೆ ಪಾಠ ಮಾಡಿದವನು ಅದರ ಪ್ರಾಯೋಗಿಕ ಪರೀಕ್ಷೆಯನ್ನು ಕಾವಲುಗಾರನ ಕುಂಡಗಳ ಸಾಲಿನಲ್ಲಿ ಮುಗಿಸಿದೆ. ಒಂದು ಕರಿಬೇವು, ಎರಡು ದಾಸವಾಳ. ಅಕ್ಕ ಆರು ವರ್ಷದಲ್ಲಿ ಅಷ್ಟು ನಕ್ಕಿರಲಿಲ್ಲ.

ನಗು ಮುಗಿಸಿ ಗಾಡಿಯ ಹತ್ತಿರ ಬಂದು ಆಕೆ ಕೇಳಿದ್ದು ನಮ್ಮ ಯಾವ ಪಟ್ಟಿಯಲ್ಲೂ ಇಲ್ಲದ ಪ್ರಶ್ನೆ. "ಇಳಿಯೋದು ಹ್ಯಾಂಗ?"

ಹತ್ತುವುದನ್ನಲ್ಲ, ಇಳಿಯುವುದನ್ನು. ಮಂಡಿ ಇದ್ದವರಿಗೆ ಹೊಳೆಯುವ ಪ್ರಶ್ನೆಯಲ್ಲ ಅದು. ಮಾಲೀಕರ ಸೊಸೆ ಬಂದು ಸೀಟಿನ ಕೆಳಗಿನ ಒಂದು ಹಿಡಿಯನ್ನು ಎತ್ತಿದಳು. ಸೀಟು ಚಕ್ಕಂತ ಬದಿಗೆ ತಿರುಗಿತು. ಸೋಫಾದ ಮೇಲೆ ಕೂತ ಹಾಗೆ ಕೂತು, ಮೈಯನ್ನು ಮುಂದಕ್ಕೆ ತಿರುಗಿಸಿಕೊಳ್ಳಬಹುದು. ಇಳಿಯುವಾಗ ಬದಿಗೆ ತಿರುಗಿ ಎರಡೂ ಕಾಲು ಒಟ್ಟಿಗೆ ನೆಲಕ್ಕೆ ಊರಬಹುದು. ಕಾಲೆತ್ತಿ ಆಚೆ ಹಾಕುವ ಪ್ರಮೇಯವೇ ಇಲ್ಲ. "ನಮ್ಮ ಅತ್ತೆ ಇದೊಂದಕ್ಕೇ ಇದನ್ನ ಆರಿಸಿದ್ದು" ಎಂದಳು ಆಕೆ ಮರಾಠಿಯಲ್ಲಿ. ಅಕ್ಕ ಮೂರು ಸಲ ಕೂತು, ಮೂರು ಸಲ ಇಳಿದು, ಆ ಹಿಡಿಯನ್ನು ಒಮ್ಮೆ ಸವರಿದಳು. ಬೆಲೆಯ ಮಾತನ್ನು ಮಾಮಾ ಆಡಿದರು. ಏನು ಕೊಟ್ಟರೋ ಇವತ್ತಿಗೂ ಹೇಳಿಲ್ಲ.

ಗಾಡಿಯ ಅಗಲ 24 ಇಂಚು. ಬಾಗಿಲು ದಾಟಿತು. ಹೊಸ ಬ್ಯಾಟರಿ ಬಂದವು. ಮೊಮ್ಮಗಳು ಹಿಂದುಗಡೆ ಚಾಕ್‌ಪೀಸಿನಿಂದ ‘ಆಜಿಚಿ ಗಾಡಿ’ ಎಂದು, ಅಂದರೆ ಅಜ್ಜಿಯ ಗಾಡಿ ಎಂದು, ಬರೆದಳು, ಹೆಸರಿನ ಸಮಸ್ಯೆ ಹಾಗೆ ಬಗೆಹರಿಯಿತು. ಎದುರು ಮನೆಯವರು ಇಳಿಜಾರಿನಿಂದ ಮೋಟಾರ್ ಸೈಕಲ್ ನಿಲ್ಲಿಸುವ ಜಾಗ ಹೋಯಿತೆಂದು ಒಂದು ವಾರ ಮಾತು ಬಿಟ್ಟಿದ್ದರು. ಆಮೇಲೆ ಅವರ ಎಂಬತ್ತರ ತಂದೆ ಸಂಜೆ ಸಂಜೆ ಅದೇ ಇಳಿಜಾರು ಏರಿ ಬಂದು ಕಟ್ಟೆಯ ಮೇಲೆ ಕೂಡತೊಡಗಿದರು. ಮಧ್ಯಾಹ್ನದ ಹೊತ್ತು ಅದು ಗಲ್ಲಿಯ ಆಡುಗಳ ಆಸ್ತಿ. ಹಾರ್ನ್ ಹೊಡೆದರೂ ಏಳುವುದಿಲ್ಲ.

ನಾನು ಬೀದರಿಗೆ ಬಂದ ಮೇಲೆ ಒಂದು ಬೆಳಿಗ್ಗೆ ಫೋನು ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ, ಪೂರ್ತಿ ರಿಂಗಾಗಿ ನಿಂತಿತು. ಮೂರನೆಯ ಸಲಕ್ಕೆ ನನ್ನ ಕೈ ಸಣ್ಣಗೆ ನಡುಗಿತು. ಮಾಮಾಗೆ ಮಾಡಿದರೆ ಅವರು ಪುಕ್ಕಟೆ ಬಸ್ಸಿನಲ್ಲಿ ಎಲ್ಲೋ ಇದ್ದರು, ಏನೂ ಕೇಳಿಸಲಿಲ್ಲ. ಹನ್ನೊಂದೂವರೆಗೆ ಅಕ್ಕನೇ ಮಾಡಿದಳು. ಹಿಂದೆ ಗದ್ದಲ, ಯಾರೋ ಕೂಗುತ್ತಿದ್ದಾರೆ, ಆಕೆಗೆ ಮೇಲುಸಿರು.

"ಬಾಜಾರದಾಗ ಅದೀನೋ ತಮ್ಮಾ, ಆಮ್ಯಾಲ ಮಾತಾಡ್ತೀನಿ. ಇಲ್ಲಿ ಮೆಣಸಿನಕಾಯಿ ದರ ಕೇಳ್ದೆ. ನಿಮ್ಮ ಮಾಮಾ ಆರು ವರ್ಷದಿಂದ ಏನು ಲೆಕ್ಕ ಕೊಟ್ಟಾರ ಗೊತ್ತದೇನು? ಇರು, ಮನಿಗಿ ಬರ್ಲಿ ಅವರು."

ಫೋನು ಇಟ್ಟೇಬಿಟ್ಟಳು.